ದುಬಾರಿ ಬೇಸ್ ಗಿಟಾರ್ ಮಾರೋಕೆ ಹೊರಟಿದ್ದೀರಾ? ಮೊದ್ಲು ನೆಕ್ ನೋಡಿ

ಆರು ತಂತಿ ಗಿಟಾರ್ ಮಾರೋದು ಸುಲಭ, ಕಾಲೇಜ್ ಹುಡುಗ್ರಿಂದ ಹಿಡಿದು ಐಟಿ ಮಂದಿ ತನಕ ಗಿರಾಕಿಗಳು ಇರ್ತಾರೆ. ತಗ್ಗು ಸ್ವರದ ದಪ್ಪ ತಂತಿಗಳಿರೋ, ಲಕ್ಷ ದಾಟಿದ ಬೇಸ್ ಗಿಟಾರ್ ಕಥೆ ಬೇರೆ. ಬೆಂಗಳೂರಂಥ ಊರಲ್ಲೂ ಅಷ್ಟು ದುಡ್ಡು ಕೊಟ್ಟು ತಗೊಳ್ಳೋರು ಕಮ್ಮಿ, ಆದ್ರೆ ಆ ಕೆಲವೇ ಮಂದಿಗೆ ವಿಷ್ಯ ಚೆನ್ನಾಗಿ ಗೊತ್ತಿರುತ್ತೆ, ಎಷ್ಟೋ ಸಲ ಮಾರೋರಿಗಿಂತ ಜಾಸ್ತೀನೇ. ಅವ್ರು ಬಂದು ಕೇಳೋ ಪ್ರಶ್ನೆಗಳನ್ನ ನೀವೇ ಮುಂಚೆ ಕೇಳ್ಕೊಂಡು ಉತ್ತರ ರೆಡಿ ಇಟ್ಕೊಂಡ್ರೆ ಅರ್ಧ ಕೆಲಸ ಮುಗೀತು. ಇಲ್ಲಿ ಅಮೆರಿಕದಲ್ಲಿ ತಯಾರಾದ ಫೆಂಡರ್ ಜಾಝ್ ಬೇಸನ್ನೇ ಉದಾಹರಣೆಗೆ ಇಟ್ಕೊಳ್ತೀನಿ, ನಿಮ್ಮದು ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಅಥ್ವಾ ವಾರ್ವಿಕ್ ಆದ್ರೂ ಮುಕ್ಕಾಲು ಪಾಲು ಇದೇ ಲೆಕ್ಕ.

ತಿಳಿದವ್ರು ಕೈಗೆ ತಗೊಂಡ ತಕ್ಷಣ ಬಾಡಿ ಕಡೆ ನೋಡಲ್ಲ, ಹೆಡ್‌ಸ್ಟಾಕ್ (ತಂತಿ ಬಿಗಿಯೋ ಕೀಲಿಗಳಿರೋ ತುದಿ) ಕಡೆಯಿಂದ ಒಂದು ಕಣ್ಣು ಮುಚ್ಕೊಂಡು ನೆಕ್, ಅಂದ್ರೆ ಉದ್ದನೆಯ ಹಿಡಿಯ ಉದ್ದಕ್ಕೂ ನೋಡ್ತಾರೆ, ಅದು ಬಾಗಿದ್ಯಾ ಅಂತ. ಬಾಗೋಕೆ ಕಾರಣಗಳೂ ಇವೆ: 34 ಇಂಚಿನ ಸ್ಕೇಲ್ (ನುಡಿಯೋ ತಂತಿಯ ಉದ್ದ), ದಪ್ಪ ತಂತಿಗಳ ಎಳೆತ, ಮೇಲಿಂದ ನಮ್ಮ ಹವೆ. ಬೆಂಗಳೂರಲ್ಲಿ ಫೆಬ್ರವರಿ ಮಾರ್ಚ್ ಹೊತ್ತಿಗೆ ಗಾಳಿ ಒಣಗಿ ಮರ ಕುಗ್ಗುತ್ತೆ, ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ತುದಿಗಳು ನೆಕ್ ಅಂಚಿಂದ ಸ್ವಲ್ಪ ಹೊರಗೆ ಬಂದು ಕೈಗೆ ಗರಗಸದ ಹಲ್ಲಿನ ಹಾಗೆ ತಾಗುತ್ತೆ, ಮಳೆಗಾಲದಲ್ಲಿ ಅದೇ ನೆಕ್ ಮುಂದಕ್ಕೆ ಬಾಗಿ ತಂತಿ ಮೇಲೇಳುತ್ತೆ. ಅದಕ್ಕೆ ಆಡ್ ಹಾಕೋ ಮುಂಚೆ ಟ್ಯೂನ್ ಮಾಡ್ಕೊಂಡು ಕೆಳಗಿನ ಸ್ವರದ ದಪ್ಪ ಇ ತಂತೀನ ಮೊದಲ ಫ್ರೆಟ್ಟಲ್ಲೂ ಕೊನೇ ಫ್ರೆಟ್ಟಲ್ಲೂ ಒಟ್ಟಿಗೆ ಒತ್ತಿ ಹಿಡೀರಿ, ಏಳನೇ ಫ್ರೆಟ್ ಹತ್ರ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪದ ಗ್ಯಾಪ್ ಇದ್ರೆ ಸರಿ. ಗ್ಯಾಪೇ ಇಲ್ಲ ಅಂದ್ರೆ ನೆಕ್ ಹಿಂದಕ್ಕೆ ಬಾಗಿದೆ, ನೆಕ್ ಒಳಗಿರೋ ಲೋಹದ ಸರಳು, ಅಂದ್ರೆ ಟ್ರಸ್ ರಾಡ್, ಅದರ ಕೀ ಹಾಕಿ ಲೂಸ್ ಮಾಡ್ಬೇಕು, ಗ್ಯಾಪ್ ಜಾಸ್ತಿ ಇದ್ರೆ ಟೈಟ್ ಮಾಡ್ಬೇಕು. ಒಂದೇ ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸ್ಬೇಡಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮತ್ತೆ ನೋಡಿ. ಕೀ ಗಟ್ಟಿಯಾಗಿ ಕೂತು ತಿರುಗ್ತಾನೇ ಇಲ್ಲ ಅಂದ್ರೆ ಅಲ್ಲಿಗೆ ನಿಲ್ಲಿಸಿ, ಗಿಟಾರ್ ರಿಪೇರಿ ಮಾಡೋರ ಹತ್ರ ಒಯ್ಯಿರಿ. ಹೀಗೆ ನೆಕ್, ತಂತಿ ಸರಿ ಹೊಂದಿಸೋ ಸೆಟಪ್‌ಗೆ ಕೊಟ್ಟ ದುಡ್ಡು ಮಾರೋವಾಗ ಖಂಡಿತ ವಾಪಸ್ ಬರುತ್ತೆ, ಎತ್ತರದ ಆಕ್ಷನ್ (ಫ್ರೆಟ್ಟಿಂದ ತಂತಿಯ ಎತ್ತರ) ಇರೋ ಬೇಸ್ ನುಡಿಸಿ ನೋಡಿದವ್ನು ಮನಸ್ಸಲ್ಲೇ ಬೆಲೆಯಿಂದ ಹತ್ತು ಸಾವಿರ ಕಳೆದು ಮಾತು ಶುರು ಮಾಡ್ತಾನೆ.

ಇನ್ನೊಂದು ವಿಷ್ಯ, ಫೆಂಡರ್ ಬೇಸ್‌ಗಳಲ್ಲಿ ಜಿ ತಂತಿ ಮೇಲೆ ಐದು, ಆರು, ಏಳನೇ ಫ್ರೆಟ್ ಆಸುಪಾಸಲ್ಲಿ ಎಲ್ಲೋ ಒಂದು ಕಡೆ ಸ್ವರ ಬೇಗ ಸತ್ತು ಹೋಗೋದು ಮಾಮೂಲು, ಡೆಡ್ ಸ್ಪಾಟ್ ಅಂತಾರಲ್ಲ ಅದೇ. ಡಿಫೆಕ್ಟ್ ಏನಲ್ಲ, ಆದ್ರೆ ಇದ್ರೆ ನೀವೇ ಹೇಳಿ. ಹಾಗೇ ಜಾಝ್ ಬೇಸಲ್ಲಿ ಎರಡು ಪಿಕಪ್ಪಿಗೆ (ತಂತಿಯ ಕಂಪನ ಹಿಡಿಯೋ ಅಯಸ್ಕಾಂತದ ಭಾಗ) ಎರಡು ವಾಲ್ಯೂಮ್ ನಾಬ್ ಇರುತ್ತೆ, ಒಂದು ಮಾತ್ರ ಫುಲ್ ಇಟ್ರೆ ಹಮ್, ಅಂದ್ರೆ ಗುಂಯ್ ಅನ್ನೋ ಸದ್ದು ಬರುತ್ತೆ, ಎರಡೂ ಫುಲ್ ಇಟ್ರೆ ಹೋಗುತ್ತೆ, ಅದು ಸಿಂಗಲ್ ಕಾಯಿಲ್ ಪಿಕಪ್ಪಿನ ಗುಣ. ಹೊಸಬರು ಅರ್ಥಿಂಗ್ ಪ್ರಾಬ್ಲಮ್ ಅಂದ್ಕೊಂಡು ಎದ್ದು ಹೋಗ್ಬಿಡ್ತಾರೆ, ಅದಕ್ಕೆ ಅಲ್ಲೇ ತಿರುಗಿಸಿ ತೋರ್ಸಿ. ನಾಬ್ ತಿರುಗಿಸಿದಾಗ ಕರಕರ ಅಂದ್ರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಲ್ಲಿ ಸಿಗೋ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇನ ನಾಬ್ ಕೆಳಗಿನ ಪಾಟ್ (ವಾಲ್ಯೂಮ್ ಕಂಟ್ರೋಲ್) ಒಳಗೆ ಸ್ವಲ್ಪ ಹೊಡೆದು ಇಪ್ಪತ್ತು ಮೂವತ್ತು ಸಲ ತಿರುಗಿಸಿ, ಬಹುಪಾಲು ಸರಿ ಹೋಗುತ್ತೆ. ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿಯಿಂದ ನಡೆಯೋ ಸರ್ಕ್ಯೂಟ್ ಇರೋದು) ಆಗಿದ್ರೆ ಹೊಸ 9 ವೋಲ್ಟ್ ಬ್ಯಾಟರಿ ಹಾಕಿ, ಕೇಬಲ್ ಚುಚ್ಚಿಟ್ಟೇ ಬಿಟ್ರೆ ಬ್ಯಾಟರಿ ಖಾಲಿ ಆಗ್ತಾನೇ ಇರುತ್ತೆ, ಗಿರಾಕಿ ಬರೋ ದಿನವೇ ಸದ್ದು ನಿಂತು ಹೋಗೋದು ಬೇಡ.

ಆಮೇಲೆ ಅಸಲಿ ಅನ್ನೋದಕ್ಕೆ ಪುರಾವೆ. 2010ರಿಂದೀಚೆಗಿನ ಅಮೆರಿಕದ ಫೆಂಡರ್‌ಗಳಲ್ಲಿ ಸೀರಿಯಲ್ ನಂಬರ್ ಸಾಮಾನ್ಯವಾಗಿ ಯುಎಸ್ ಅಂತ ಶುರುವಾಗುತ್ತೆ, ಮುಂದಿನ ಎರಡು ಅಂಕಿ ವರ್ಷ, ಅಂದ್ರೆ 17 ಅಂತಿದ್ರೆ 2017. ಮೆಕ್ಸಿಕೋದ್ದು ಎಂಎಕ್ಸ್. ಇದನ್ನ ಬಚ್ಚಿಡೋಕೆ ಹೋಗ್ಬೇಡಿ, ಸ್ಪಷ್ಟವಾಗಿ ಫೋಟೋ ಹಾಕಿ, ಹಳೇ ಬಿಲ್ ಇದ್ರೆ ಅದನ್ನೂ ಹಾಕಿ (ವಿಳಾಸ ಫೋನ್ ನಂಬರ್ ಮುಚ್ಚಿ). ಕಂಟ್ರೋಲ್ ಪ್ಲೇಟ್ ಬಿಚ್ಚಿ ಒಳಗಿನ ವೈರಿಂಗ್ ಫೋಟೋ ಹಾಕೋರು ಕಮ್ಮಿ, ಹಾಕಿದ್ರೆ ನಂಬಿಕೆ ಒಂದೇ ಏಟಿಗೆ ಬರುತ್ತೆ. ಫೋಟೋ ಎಲ್ಲ ಬೆಳಿಗ್ಗೆ ಕಿಟಕಿ ಬೆಳಕಲ್ಲಿ ತೆಗೀರಿ, ಫ್ಲ್ಯಾಶ್ ಬೇಡ, ಅದು ಗೀರನ್ನೂ ಮುಚ್ಚುತ್ತೆ ಫಿನಿಶ್ಶನ್ನೂ ಹಾಳು ಕಾಣಿಸುತ್ತೆ. ಫ್ರೆಟ್ ಸವೆತ ಕಾಣೋ ಹಾಗೆ ಓರೆಯಾಗಿ ಒಂದು, ಹಿಂದೆ ಬೆಲ್ಟ್ ಬಕಲ್ ಉಜ್ಜಿದ ಜಾಗದ್ದು ಒಂದು, ಪೆಟ್ಟು ಬಿದ್ದಲ್ಲೆಲ್ಲ ಪಕ್ಕದಲ್ಲಿ ನಾಣ್ಯ ಇಟ್ಟು ಒಂದೊಂದು. ತೂಕಾನೂ ಬರೀರಿ. ನಾಲ್ಕು ಕೆಜಿ ಒಳಗೋ ನಾಲ್ಕೂವರೆನೋ ಅನ್ನೋದು ರಾತ್ರಿ ಮೂರು ಗಂಟೆ ನಿಂತು ನುಡಿಸೋರಿಗೆ ದೊಡ್ಡ ವಿಷ್ಯ, ಕೇಳೇ ಕೇಳ್ತಾರೆ.

ಪಿಕಪ್ ಬದಲಾಯಿಸಿದ್ದೀರಾ, ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರೋ ಭಾಗ) ಬದಲಾಯಿಸಿದ್ದೀರಾ? ಅದಕ್ಕೆ ಹಾಕಿದ ದುಡ್ಡು ಬೆಲೆಯಲ್ಲಿ ಸೇರಲ್ಲ, ಇದು ಕಹಿ ಆದ್ರೂ ನಿಜ. ಒರಿಜಿನಲ್ ಪಾರ್ಟ್ಸ್ ಡಬ್ಬಿಯಲ್ಲಿ ಇದ್ರೆ ವಾಪಸ್ ಹಾಕ್ಸಿ, ಹೊಸ ಪಿಕಪ್ ಬೇರೆ ಮಾರಿ, ಎರಡೂ ಸೇರಿ ಜಾಸ್ತಿ ಸಿಗುತ್ತೆ. ರೂಟರ್ ಮೆಷಿನ್ ಹಾಕ್ಸಿ ಮರ ಕೊರೆಸಿದ್ರೆ ಅಥ್ವಾ ಫ್ರೆಟ್ ಕಿತ್ತು ಫ್ರೆಟ್‌ಲೆಸ್ ಮಾಡಿದ್ರೆ ಬೆಲೆ ಬಿದ್ದೇ ಬೀಳುತ್ತೆ. ಅಮೆರಿಕದ ಹೆಸರಾಂತ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ನುಡಿಸಿದ 1962ರ ಜಾಝ್ ಬೇಸ್‌ಗೆ ಫ್ರೆಟ್ ಇರ್ಲಿಲ್ಲ ನಿಜ, ಆದ್ರೆ ಅದು ಜಾಕೊದು.

ಬೆಲೆ ಕಟ್ಟೋಕೆ ಅದೇ ಮಾಡೆಲ್ ಇವತ್ತು ಇಲ್ಲಿನ ಅಂಗಡೀಲಿ ಎಷ್ಟು ಅಂತ ಮೊದ್ಲು ನೋಡಿ, ನೀವು ಅವತ್ತು ಕೊಟ್ಟಿದ್ದು ಲೆಕ್ಕಕ್ಕಿಲ್ಲ. ಚೆನ್ನಾಗಿ ಇಟ್ಕೊಂಡಿದ್ದಕ್ಕೆ ಅದರ ಅರವತ್ತರಿಂದ ಎಪ್ಪತ್ತು ಪರ್ಸೆಂಟ್ ಅಂತ ನಾನು ಹಿಡೀತೀನಿ, ಒರಿಜಿನಲ್ ಹಾರ್ಡ್ ಕೇಸ್ ಇದ್ರೆ ಮೇಲಿನ ತುದಿ. ಹೊಸದು ಎರಡು ಲಕ್ಷ ಅಂದ್ಕೊಳ್ಳಿ, 1,40,000ಕ್ಕೆ ಹಾಕಿ 1,28,000ಕ್ಕೆ ಕೊಡೋದು ಮರ್ಯಾದೆಯ ವ್ಯಾಪಾರ. ವಾದ್ಯಗಳನ್ನ ಮಾರೋ ವಿದೇಶಿ ರಿವರ್ಬ್ ಸೈಟಲ್ಲಿ ನೋಡೋದಾದ್ರೆ ಕೇಳಿದ ಬೆಲೆ ಬಿಟ್ಟು ಮಾರಾಟವಾದ ಬೆಲೆ ನೋಡಿ, ಅದೂ ಅಂದಾಜಿಗೆ ಮಾತ್ರ, ಹೊರಗಿಂದ ತರ್ಸೋರಿಗೆ ಶಿಪ್ಪಿಂಗ್ ಕಸ್ಟಮ್ಸ್ ಸೇರಿ ಲೆಕ್ಕ ಬೇರೇನೇ ಆಗುತ್ತೆ. ಅಂಗಡೀಲಿ ಎಕ್ಸ್‌ಚೇಂಜ್‌ಗೆ ಕೊಟ್ರೆ ಬೇಗ ಮುಗಿಯುತ್ತೆ, ದುಡ್ಡು ಕಮ್ಮಿ, ಅಷ್ಟೇ.

ಗಿರಾಕಿ ಎಲ್ಲಿ ಅಂದ್ರೆ ಓಎಲ್‌ಎಕ್ಸಲ್ಲಿ ಆಡ್ ಇರ್ಲಿ, ಆದ್ರೆ ನಿಜವಾದ ವ್ಯಾಪಾರ ಆಗೋದು ಮ್ಯುಸಿಷಿಯನ್‌ಗಳ ವಾಟ್ಸಾಪ್ ಗ್ರೂಪಲ್ಲಿ, ಜ್ಯಾಮ್ ಪ್ಯಾಡ್ (ಬ್ಯಾಂಡ್‌ಗಳು ಬಾಡಿಗೆಗೆ ಅಭ್ಯಾಸ ಮಾಡೋ ರೂಮ್) ಗೋಡೆ ಮೇಲೆ, ಚರ್ಚ್ ವರ್ಷಿಪ್ ಬ್ಯಾಂಡ್‌ಗಳಲ್ಲಿ. ಐದು ತಂತಿ ಬೇಸ್ ಇದ್ದೋರು ಚರ್ಚ್ ಕಡೆ ಮೊದ್ಲು ಕೇಳಿ ನೋಡಿ. ಶಿಲ್ಲಾಂಗ್, ಐಝಾಲ್ ಕಡೆಯಿಂದ ಫೋನ್ ಬಂದ್ರೆ ಟೈಮ್ ಪಾಸ್ ಅಂದ್ಕೊಂಡು ಕಟ್ ಮಾಡ್ಬೇಡಿ, ಅಲ್ಲಿ ಬ್ಯಾಂಡ್ ಕಟ್ಟೋ ಹುಚ್ಚು ದೊಡ್ಡದು.

ಬೇಸ್ ನೋಡದೇನೇ ಹೇಳಿದ ರೇಟಿಗೆ ಒಪ್ಕೊಂಡು, ಆರ್ಮಿಯಲ್ಲಿದ್ದೀನಿ ಟ್ರಾನ್ಸ್‌ಫರ್ ಆಗಿದೆ, ಕ್ಯೂಆರ್ ಕೋಡ್ ಕಳಿಸ್ತೀನಿ ಸ್ಕ್ಯಾನ್ ಮಾಡಿ ದುಡ್ಡು ಬರುತ್ತೆ ಅಂದ್ರೆ ಅಲ್ಲೇ ಬ್ಲಾಕ್ ಮಾಡಿ. ದುಡ್ಡು ಬರೋಕೆ ಪಿನ್ ಒತ್ತೋ ಅಗತ್ಯವೇ ಇಲ್ಲ. ಅಕಸ್ಮಾತ್ ದುಡ್ಡು ಹೋಗಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯುಪಿಐಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷವೇ ಮಿತಿ, ಅದಕ್ಕೆ ಮೇಲಿನ ಮೊತ್ತಕ್ಕೆ ಐಎಂಪಿಎಸ್ ಕೇಳಿ, ಸ್ಕ್ರೀನ್‌ಶಾಟ್ ನಂಬದೆ ನಿಮ್ಮ ಬ್ಯಾಂಕ್ ಆ್ಯಪಲ್ಲಿ ಬ್ಯಾಲೆನ್ಸ್ ನೋಡಿದ ಮೇಲೇನೇ ಕೇಸ್ ಕೈಗೆ ಕೊಡಿ. ಎರಡು ಲಕ್ಷ ಅಥ್ವಾ ಮೇಲೆ ಕ್ಯಾಷ್ ತಗೊಳ್ಳೋದು ಕಾನೂನು ಪ್ರಕಾರ ತಪ್ಪು. ಭೇಟಿಗೆ ಮನೆಗಿಂತ ಗಂಟೆ ಲೆಕ್ಕದ ಜ್ಯಾಮ್ ಪ್ಯಾಡ್ ಒಳ್ಳೇದು, ಆಂಪ್ಲಿಫೈಯರ್ ಇರುತ್ತೆ, ಜೋರಾಗಿ ನುಡಿಸಿ ನೋಡ್ಬಹುದು, ಬಾಡಿಗೆ ನೀವೇ ಕೊಡಿ. ಒಂದು ಹಾಳೇಲಿ ಸೀರಿಯಲ್ ನಂಬರ್, ಮೊತ್ತ, ತಾರೀಕು ಬರೆದು ಇಬ್ರೂ ಸೈನ್ ಹಾಕಿ ಇಟ್ಕೊಳ್ಳಿ.

ಹೊರಗೂರಿಗೆ ಕಳಿಸೋದಾದ್ರೆ ತಂತಿಗಳನ್ನ ಎರಡು ಸ್ವರ ಇಳಿಸಿ ಸಾಕು, ಪೂರ್ತಿ ಸಡಿಲ ಬೇಡ. ಕೇಸ್ ಒಳಗೆ ಹೆಡ್‌ಸ್ಟಾಕ್ ಅಲ್ಲಾಡದ ಹಾಗೆ ಸುತ್ತ ಫೋಮ್ ತುರುಕಿ, ಕೇಸನ್ನ ದಪ್ಪ ರಟ್ಟಿನ ಡಬ್ಬಕ್ಕೆ ಹಾಕಿ, ಪ್ಯಾಕ್ ಮಾಡೋದನ್ನ ಪೂರ್ತಿ ವಿಡಿಯೋ ಮಾಡಿ. ಮಂಗಳೂರು, ಕಾರವಾರದ ಕಡೆ ಹೋಗ್ತಿದ್ರೆ ತಗೊಳ್ಳೋರಿಗೆ ಮೊದ್ಲೇ ಹೇಳಿ, ಅಲ್ಲಿನ ತೇವಕ್ಕೆ ನೆಕ್ ಒಂದೆರಡು ವಾರದಲ್ಲಿ ಬದಲಾಗುತ್ತೆ, ಟ್ರಸ್ ರಾಡ್ ಕೀ ಕೇಸಲ್ಲೇ ಇಟ್ಟಿದ್ದೀನಿ ಅಂತ. ಸ್ಟ್ರಾಪ್ ಲಾಕ್ (ಹೆಗಲ ಪಟ್ಟಿ ಜಾರದ ಹಾಗೆ ಹಿಡಿಯೋ ಕೊಂಡಿ) ಬಿಚ್ಚಿ ಇಟ್ಕೊಳ್ತೀರಾ ಅಂದ್ರೆ ಹಳೇ ಬಟನ್ ಹಾಕಿ ಕೊಡಿ, ಬರೀ ತೂತು ಬಿಟ್ಟು ಕಳಿಸ್ಬೇಡಿ.