ಒಂದೇ ಪುಟದ ಸಂಗೀತ: ಶೋಪಾನನ ಪ್ರೆಲ್ಯೂಡ್‌ಗಳನ್ನು ಕಲಿಯುವ ಬಗೆ

ಪಿಯಾನೊ ಅಭ್ಯಾಸದಲ್ಲಿ ಕೆಲವು ವರ್ಷ ಕಳೆದವರು ಹತ್ತೊಂಬತ್ತನೆಯ ಶತಮಾನದ ರೊಮ್ಯಾಂಟಿಕ್ ಯುಗದ ಸಂಗೀತದತ್ತ ಹೊರಳಿದಾಗ ಮೊದಲು ಕೈಗೆತ್ತಿಕೊಳ್ಳುವುದು ಸಾಮಾನ್ಯವಾಗಿ ಪೋಲೆಂಡಿನ ಸಂಗೀತಕಾರ ಶೋಪಾನನ ಯಾವುದಾದರೊಂದು ಪ್ರೆಲ್ಯೂಡ್, ಅಂದರೆ ಪೀಠಿಕೆಯೆಂಬ ಹೆಸರಿನ ಕಿರುಕೃತಿ. ಪುಟ ಒಂದೇ, ಸ್ವರಗಳು ಹೆಚ್ಚಿಲ್ಲ, ಗತಿ ನಿಧಾನ. ಕೆಲವೇ ದಿನಗಳಲ್ಲಿ ಬೆರಳುಗಳು ದಾರಿ ಹಿಡಿಯುತ್ತವೆ, ಅಷ್ಟಕ್ಕೆ ಕೃತಿ ಕೈವಶವಾಯಿತೆಂದು ಭಾವಿಸಿ ಮುಂದಿನದಕ್ಕೆ ಹೋಗುವವರೂ ಬಹಳ. ಆದರೆ ಸೊನಾಟಾದಂಥ ಹಲವು ಭಾಗಗಳ ದೀರ್ಘ ಕೃತಿಯಲ್ಲಿ ಒಂದು ಸಾಲು ಸಡಿಲವಾದರೆ ಮುಂದಿನ ಸಾಲು ಅದನ್ನು ತೂಗಿಸಿಕೊಂಡು ಹೋಗಬಲ್ಲದು. ಹದಿನಾರು ಬಾರ್‌ಗಳಲ್ಲಿ (ಸ್ವರಲಿಪಿಯಲ್ಲಿ ಗೆರೆಯಿಂದ ಗೆರೆಗೆ ಇರುವ ತಾಳದ ಮನೆಗಳಲ್ಲಿ) ಮುಗಿಯುವ ಕೃತಿಗೆ ಅಂಥ ಅವಕಾಶವಿಲ್ಲ. ಈ ಕಿರುಕೃತಿಗಳಲ್ಲಿ ಹೆಚ್ಚಿನವು ಒಂದೇ ಸ್ವರವಿನ್ಯಾಸವನ್ನು ಹಿಡಿದು ಸಾಗುತ್ತವೆ, ಮತ್ತು ಆ ಸಾಗುವಿಕೆಯಲ್ಲಿ ಒಂದೇ ಒಂದು ಪ್ರಮುಖ ತಿರುವು ಇರುತ್ತದೆ. ಆ ವಿನ್ಯಾಸ ಯಾವುದು, ಆ ತಿರುವು ಯಾವ ಬಾರ್‌ನಲ್ಲಿದೆ ಎಂಬುದನ್ನು ಕೀಬೋರ್ಡ್ ಮುಟ್ಟುವ ಮೊದಲೇ ಗುರುತಿಸಿಕೊಂಡರೆ ಬೆರಳು, ನಾದವನ್ನು ಹಿಡಿದಿಡುವ ಕಾಲಿನ ಪೆಡಲ್, ಗತಿ, ನಾದದ ಏರಿಳಿತ ಎಲ್ಲದರ ನಿರ್ಧಾರವೂ ಅದರಿಂದಲೇ ಹೊಮ್ಮುತ್ತದೆ.

ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಂಡರೆ ನುಡಿಸುವಿಕೆಗೆ ನೇರವಾಗಿ ಸಹಾಯವಾಗುತ್ತದೆ. ಆ ಕಾಲದ ವಾದಕರು ಮುಖ್ಯ ಕೃತಿಗೆ ಮೊದಲು ಅದರದೇ ಸ್ಕೇಲ್‌ನಲ್ಲಿ (ಸ್ವರಶ್ರೇಣಿಯಲ್ಲಿ) ಕೆಲವು ಕ್ಷಣ ಮನೋಧರ್ಮದಿಂದ ನುಡಿಸಿ, ವಾದ್ಯವನ್ನೂ ಸಭೆಯನ್ನೂ ಅಣಿಗೊಳಿಸುತ್ತಿದ್ದರು. ಹಾಗೆ ನುಡಿಸಲು ಬಾರದವರಿಗಾಗಿ ಹುಮ್ಮೆಲ್‌ನಂಥ ಸಂಗೀತಕಾರರು ಎಲ್ಲ ಸ್ಕೇಲ್‌ಗಳಲ್ಲೂ ಚಿಕ್ಕ ಪ್ರೆಲ್ಯೂಡ್‌ಗಳನ್ನು ಬರೆದು ಪ್ರಕಟಿಸಿದ್ದರು. 1839ರಲ್ಲಿ ಪ್ರಕಟವಾದ ಶೋಪಾನನ ಓಪಸ್ 28 (ಓಪಸ್ ಎಂದರೆ ಕೃತಿಸಂಖ್ಯೆ) ಈ ರೂಢಿಯಿಂದಲೇ ಹುಟ್ಟಿದರೂ ಅದರಲ್ಲಿರುವ ಇಪ್ಪತ್ನಾಲ್ಕು ಕೃತಿಗಳು ಬೇರೆ ಯಾವುದಕ್ಕೂ ಪೀಠಿಕೆಯಲ್ಲ. 1838-39ರ ಚಳಿಗಾಲದಲ್ಲಿ ಮಯೋರ್ಕಾ ದ್ವೀಪದ ವಾಲ್ಡೆಮೋಸಾದ ಹಳೆಯ ಮಠದಲ್ಲಿ ಅವನು ಇವುಗಳಿಗೆ ಕೊನೆಯ ರೂಪ ಕೊಟ್ಟಾಗ ಹದಿನೆಂಟನೆಯ ಶತಮಾನದ ಬಾಖ್ ಎಲ್ಲ ಸ್ಕೇಲ್‌ಗಳಲ್ಲೂ ಬರೆದ ಪ್ರೆಲ್ಯೂಡ್ ಮತ್ತು ಫ್ಯೂಗ್‌ಗಳು (ಒಂದೇ ರಾಗವನ್ನು ಹಲವು ಸಾಲುಗಳು ಬೆನ್ನಟ್ಟುವ ಕೃತಿಗಳು) ಅವನ ಜೊತೆಯಲ್ಲಿದ್ದವು. ಬಾಖ್ ಸಿ, ಸಿ ಶಾರ್ಪ್ (ಶಾರ್ಪ್ ಎಂದರೆ ಅರ್ಧಸ್ವರ ಮೇಲೆ, ಫ್ಲ್ಯಾಟ್ ಎಂದರೆ ಅರ್ಧಸ್ವರ ಕೆಳಗೆ), ಡಿ ಎಂದು ಅರ್ಧಸ್ವರದ ಮೆಟ್ಟಿಲೇರಿದರೆ, ಶೋಪಾನ್ ಐದನೆಯ ಸ್ವರದಿಂದ ಐದನೆಯ ಸ್ವರಕ್ಕೆ ಸಾಗುತ್ತ ಪ್ರತಿ ಮೇಜರ್ ಸ್ಕೇಲ್‌ನ ಬೆನ್ನಿಗೇ ಅದೇ ಸ್ವರಗಳನ್ನು ಹಂಚಿಕೊಳ್ಳುವ ಸಂಬಂಧಿ ಮೈನರ್ ಸ್ಕೇಲ್ ಅನ್ನು ಇಟ್ಟ: ಸಿ ಮೇಜರ್, ಎ ಮೈನರ್, ಜಿ ಮೇಜರ್, ಇ ಮೈನರ್, ಹೀಗೆ. ಸಂಗೀತಕಾರನೂ ವಿಮರ್ಶಕನೂ ಆಗಿದ್ದ ಶೂಮನ್ ಇವುಗಳನ್ನು ವಿಮರ್ಶಿಸುವಾಗ ರೇಖಾಚಿತ್ರಗಳು, ಭಗ್ನಾವಶೇಷಗಳು, ಹದ್ದಿನ ಗರಿಗಳು ಎಂದೆಲ್ಲ ಕರೆದದ್ದು ಪ್ರಸಿದ್ಧ. ನುಡಿಸುವವರಿಗೆ ಆ ಮಾತಿನಿಂದ ಸಿಗುವ ಸೂಚನೆ ಇಷ್ಟು: ಬಿಟ್ಟ ಜಾಗಗಳನ್ನು ತುಂಬಿಸಲು ಹೋಗಬಾರದು.

ಯಾವುದರಿಂದ ಆರಂಭಿಸಬೇಕು? ಸಂಗ್ರಹದ ಕ್ರಮವನ್ನು ಕಲಿಕೆಯ ಕ್ರಮವೆಂದು ತಿಳಿಯುವುದು ಬೇಡ. ಎಂಟನೆಯದು, ಹದಿನಾರನೆಯದು ಮತ್ತು ಇಪ್ಪತ್ನಾಲ್ಕನೆಯದು ನುರಿತ ವಾದಕರನ್ನೂ ದಣಿಸುವಂಥವು. ಮಧ್ಯಮ ಹಂತದವರಿಗೆ ನಿಲುಕುವವು ನಾಲ್ಕು, ಆರು, ಏಳು, ಇಪ್ಪತ್ತು. ಸ್ವಲ್ಪ ಪಳಗಿದ ಮೇಲೆ ಹದಿನೈದು. ಎಲ್ಲಕ್ಕಿಂತ ಚಿಕ್ಕದಾಗಿ ಕಾಣುವ ಏಳನೆಯದರಿಂದ ತೊಡಗುವವರು ಹೆಚ್ಚಾದರೂ ನಾಲ್ಕನೆಯದೇ ಉತ್ತಮ ಆರಂಭ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಈ ಇಡೀ ಸಂಗ್ರಹಕ್ಕೆ ಬೇಕಾದ ಶ್ರವಣಶಿಕ್ಷಣ ಅದೊಂದರಲ್ಲೇ ಸಿಗುತ್ತದೆ. ಸ್ವರಲಿಪಿಯನ್ನು ಆರಿಸುವಾಗ ಮೂಲಪಾಠವನ್ನು ಆಧರಿಸಿದ ಮುದ್ರಣವನ್ನೇ ಕೊಳ್ಳಬೇಕು. ಹೆನ್ಲೆ ಪ್ರಕಾಶನದ್ದಾಗಲಿ ಪೋಲೆಂಡಿನ ರಾಷ್ಟ್ರೀಯ ಆವೃತ್ತಿಯಾಗಲಿ ಆಗಬಹುದು. ಹಳೆಯ ಮುದ್ರಣಗಳಲ್ಲಿ ಸಂಪಾದಕರು ಸೇರಿಸಿದ ಪೆಡಲ್ ಗುರುತುಗಳೂ ನಾದಸೂಚನೆಗಳೂ ಶೋಪಾನನವೇ ಎಂಬಂತೆ ಬೆರೆತುಹೋಗಿರುವುದುಂಟು.

ನಾಲ್ಕನೆಯ ಪ್ರೆಲ್ಯೂಡ್ ಇ ಮೈನರ್‌ನಲ್ಲಿದೆ, ಒಟ್ಟು 25 ಬಾರ್‌ಗಳು. ಬಲಗೈಗೆ ಬಹುಪಾಲು ಎರಡು ಸ್ವರಗಳ ನಡುವಿನ ತೂಗಾಟವಷ್ಟೇ ಕೆಲಸ, ಕಥೆಯೆಲ್ಲ ಎಡಗೈಯಲ್ಲಿದೆ. ಅಲ್ಲಿ ಮೂರು ಸ್ವರಗಳು ಒಟ್ಟಿಗೆ ಮೊಳಗುವ ಕಾರ್ಡ್‌ಗಳು ಎಡೆಬಿಡದೆ ಮರುಕಳಿಸುತ್ತ, ಒಮ್ಮೆ ಒಂದು ಬೆರಳು, ಇನ್ನೊಮ್ಮೆ ಇನ್ನೊಂದು ಬೆರಳು ಅರ್ಧಸ್ವರ ಕೆಳಗೆ ಜಾರುವುದರಿಂದ ಬಣ್ಣ ಬದಲಿಸುತ್ತ ಇಳಿಯುತ್ತವೆ. ಆದ್ದರಿಂದ ಮೊದಲ ಕೆಲವು ದಿನ ಬಲಗೈಯನ್ನು ಮಡಿಲಲ್ಲೇ ಇಟ್ಟುಕೊಳ್ಳಿ. ಎಡಗೈಯ ಕಾರ್ಡನ್ನು ಮರುಕಳಿಸದೆ ಒಂದೇ ಸಲ ಒತ್ತಿ ಹಿಡಿಯಿರಿ. ಮುಂದಿನ ಬದಲಾವಣೆ ಬಂದಾಗ ಯಾವ ಬೆರಳು ಸರಿಯಿತು, ಯಾವುವು ಕದಲದೆ ನಿಂತವು ಎಂಬುದನ್ನು ಬಾಯಲ್ಲಿ ಹೇಳುತ್ತ ಸರಿಸಿರಿ. ಹೀಗೆ ಹನ್ನೆರಡನೆಯ ಬಾರ್‌ವರೆಗೆ ಹೋದಾಗ ಕಿವಿಗೆ ಒಂದು ವಿಚಾರ ತಾನಾಗಿ ಹೊಳೆಯುತ್ತದೆ: ಮೊದಲ ಕಾರ್ಡಿನ ತಳದಲ್ಲಿ ಇರುವುದು ಇ ಅಲ್ಲ, ಜಿ, ತಳದಲ್ಲಿ ಇ ಊರಿ ನಿಂತ ಇ ಮೈನರ್ ಕಾರ್ಡ್ ಕೊನೆಯ ಬಾರ್ ತನಕ ಬರುವುದೇ ಇಲ್ಲ. ಇಡೀ ಕೃತಿಗೆ ಕಾಲೂರಲು ನೆಲವಿಲ್ಲದಂಥ ಭಾವ ಬರುವುದು ಇದರಿಂದಲೇ ಹೊರತು ನಾವು ಮುಖದಲ್ಲಿ ತೋರುವ ದುಃಖದಿಂದಲ್ಲ.

ಈಗ ಮರುಕಳಿಕೆಯನ್ನು ಸೇರಿಸಬಹುದು. ಬೆರಳುಗಳು ಕೀಗಳನ್ನು ಬಿಟ್ಟು ಮೇಲೇಳಬಾರದು. ಕೀ ಪೂರ್ತಿ ಮೇಲೆ ಬರುವ ಮೊದಲೇ ಅದನ್ನು ಮತ್ತೆ ಮೆಲ್ಲನೆ ಒತ್ತಬೇಕು, ಮಣಿಕಟ್ಟು ಸಡಿಲವಾಗಿರಬೇಕು. ಎಂಟೂ ಮರುಕಳಿಕೆಗಳು ಒಂದೇ ತೂಕದಲ್ಲಿ ಬಿದ್ದರೆ ಯಂತ್ರದ ಸದ್ದಾಗುತ್ತದೆ, ಒಂದೊಂದಕ್ಕೂ ಒಂದೊಂದು ಒತ್ತು ಬಿದ್ದರೆ ಸಾಲು ತುಂಡಾಗುತ್ತದೆ. ಸ್ವರ ಬದಲಾದ ಕಾರ್ಡಿಗೆ ಮಾತ್ರ ಎಳೆಯಷ್ಟು ಹೆಚ್ಚು ನಾದ ಕೊಟ್ಟು ಉಳಿದವನ್ನು ಅದರ ನೆರಳಿನಲ್ಲಿ ಬಿಡುವುದು ಸರಿಯಾದ ಕ್ರಮ. ಗತಿಯ ಸೂಚನೆ ಲಾರ್ಗೊ (ಬಹಳ ನಿಧಾನ) ಎಂದಿದ್ದರೂ ಎಣಿಕೆ ಬಾರ್‌ಗೆ ಎರಡು, ನಾಲ್ಕಲ್ಲ. ಇದನ್ನು ಮರೆತು ನಾಲ್ಕಾಗಿ ಎಣಿಸಿದವರ ಕೈಯಲ್ಲಿ ಕೃತಿ ತೆವಳುತ್ತದೆ. ಓಪಸ್ 28ರಲ್ಲಿ ಗತಿಯ ವೇಗವನ್ನು ಹೇಳುವ ಮೆಟ್ರೊನೋಮ್ ಅಂಕಿಗಳಿಲ್ಲ. ಬಲಗೈಯ ದೀರ್ಘಸ್ವರ ಮುಂದಿನ ಸ್ವರ ಬರುವವರೆಗೂ ಕಿವಿಯಲ್ಲಿ ಜೀವಂತವಾಗಿ ಉಳಿಯುವಷ್ಟು ನಿಧಾನ ಸಾಕು, ಅದಕ್ಕಿಂತ ನಿಧಾನ ಬೇಡ.

ತಿರುವು ಇರುವುದು 16ರಿಂದ 18ನೆಯ ಬಾರ್‌ಗಳಲ್ಲಿ. ಅಲ್ಲಿ ಸ್ಟ್ರೆಟೊ ಎಂಬ ಸೂಚನೆ ಬರುತ್ತದೆ, ಗತಿ ಬಿಗಿಯಾಗುತ್ತದೆ, ನಾದ ಜೋರಾಗುತ್ತದೆ. ಇಲ್ಲಿಯವರೆಗೆ ತಡೆದಿಟ್ಟುಕೊಂಡಿದ್ದರೆ ಮಾತ್ರ ಈ ಏರಿಕೆಗೆ ಅರ್ಥ. ಐದನೆಯ ಬಾರ್‌ನಿಂದಲೇ ಉಬ್ಬಿಸುತ್ತ ಬಂದವರಿಗೆ ಇಲ್ಲಿ ಕೊಡಲು ಏನೂ ಉಳಿದಿರುವುದಿಲ್ಲ. ಬಳಿಕ ನಾದ ಕರಗಿ, 23ನೆಯ ಬಾರ್‌ನಲ್ಲಿ ತಳದಲ್ಲಿ ಬಿ ಫ್ಲ್ಯಾಟ್ ಇರುವ ವಿಚಿತ್ರ ಕಾರ್ಡ್ ಒಂದು ನಿಂತು, ಅದರ ಮುಂದೆ ವಿರಾಮವನ್ನು ದೀರ್ಘವಾಗಿಸುವ ಗುರುತು ಇದೆ. ಆ ಮೌನವನ್ನು ಎಣಿಸಿ ಕಲಿಯಬೇಕು. ಪೆಡಲ್ ಅನ್ನು ಪೂರ್ತಿ ಎತ್ತಿ ನಿಜವಾಗಿಯೂ ಸದ್ದಿಲ್ಲದಂತೆ ಮಾಡಬೇಕು, ಏಕೆಂದರೆ ಕೊನೆಯ ಮೂರು ಕಾರ್ಡ್‌ಗಳು ಏನನ್ನೂ ಬೆನ್ನಿಗೆ ಹೊತ್ತು ತರದೆ ಹೊಸದಾಗಿ ಮೊದಲಾಗಬೇಕು.

ಆರನೆಯದು, ಬಿ ಮೈನರ್‌ನದು, ಇದೇ ಪಾಠವನ್ನು ತಿರುಗಿಸಿ ಕಲಿಸುತ್ತದೆ. ಇಲ್ಲಿ ಹಾಡು ಎಡಗೈಯ ಮಂದ್ರದಲ್ಲಿದೆ, ಮರುಕಳಿಕೆ ಬಲಗೈಯಲ್ಲಿದೆ. ಎಡಗೈ ಮೇಲೇರಿ ಇಳಿಯುವ ಸಾಲನ್ನು ಮೊದಲು ಬಾಯಲ್ಲಿ ಹಾಡಿ, ಉಸಿರು ಎಲ್ಲಿ ಬೇಕಾಗುತ್ತದೆಂದು ನೋಡಿ, ಅಲ್ಲಿಯೇ ಕೈಗೂ ಉಸಿರು ಕೊಡಬೇಕು. 1849ರ ಅಕ್ಟೋಬರ್ 30ರಂದು ಪ್ಯಾರಿಸಿನ ಮಾದ್ಲೆನ್ ಚರ್ಚಿನಲ್ಲಿ ನಡೆದ ಶೋಪಾನನ ಅಂತ್ಯಸಂಸ್ಕಾರದಲ್ಲಿ ಆರ್ಗನ್ ಮೇಲೆ ನುಡಿಸಿದ್ದು ಈ ಎರಡು ಪ್ರೆಲ್ಯೂಡ್‌ಗಳನ್ನೇ.

ಎ ಮೇಜರ್‌ನ ಏಳನೆಯದಕ್ಕೆ ಹದಿನಾರೇ ಬಾರ್‌ಗಳು, ಎರಡೆರಡು ಬಾರ್‌ಗಳ ಎಂಟು ತುಣುಕುಗಳು, ಎಂಟಕ್ಕೂ ಒಂದೇ ಲಯವಿನ್ಯಾಸ. ಒಂದೇ ಲಯದ ಎಂಟು ತುಣುಕುಗಳನ್ನು ಎಂಟು ಸಲ ಒಂದೇ ರೀತಿ ನುಡಿಸಿದರೆ ಕೃತಿ ಸತ್ತಂತೆ. ಆರಂಭದ ತುಣುಕುಗಳನ್ನು ಪ್ರಶ್ನೆ ಮತ್ತು ಉತ್ತರವೆಂಬಂತೆ ಜೋಡಿಸಿಕೊಂಡು, ಹನ್ನೆರಡನೆಯ ಬಾರ್‌ನ ದೊಡ್ಡ ಕಾರ್ಡಿನ ಕಡೆಗೆ ನಡೆಸಿಕೊಂಡು ಹೋಗಬೇಕು. ಎ ಮೇಜರ್‌ನ ಅಂಗಳದಿಂದ ಹೊರಗೆ ಹೆಜ್ಜೆಯಿಡುವ ಆ ಎಫ್ ಶಾರ್ಪ್ ಸೆವೆಂತ್ ಕಾರ್ಡೇ ಇಲ್ಲಿಯ ತಿರುವು. ಚಿಕ್ಕ ಕೈಯವರಿಗೆ ಅದು ಒಮ್ಮೆಲೇ ಎಟುಕುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಬೇಗನೆ ಉರುಳಿಸಿ ನುಡಿಸಿ, ತುದಿಯ ಸ್ವರ ಮಾತ್ರ ಸ್ಪಷ್ಟವಾಗಿ ಕೇಳುವಂತೆ ನೋಡಿಕೊಂಡರೆ ಸಾಕು. ಕೈಯನ್ನು ಬಲವಂತವಾಗಿ ಹಿಗ್ಗಿಸುವುದು ಅಪಾಯ.

ಪೆಡಲ್ ಬಗ್ಗೆ ಇಲ್ಲಿಯೇ ಹೇಳಬೇಕು. ಈ ಪ್ರೆಲ್ಯೂಡಿನಲ್ಲಿ ಶೋಪಾನ್ ಬರೆದ ಪೆಡಲ್ ಗುರುತುಗಳು ಎರಡೆರಡು ಬಾರ್‌ಗಳಷ್ಟು ಉದ್ದ. ಅವನು ಬಳಸುತ್ತಿದ್ದ ಪ್ಲೆಯೆಲ್ ಕಂಪನಿಯ ಪಿಯಾನೊಗಳ ನಾದ ಹಗುರವಾಗಿತ್ತು, ಬೇಗ ಆರುತ್ತಿತ್ತು. ಇಂದಿನ ವಾದ್ಯದಲ್ಲಿ ಅದೇ ಗುರುತನ್ನು ತಳಮುಟ್ಟ ಒತ್ತಿ ಪಾಲಿಸಿದರೆ ಸ್ವರಗಳು ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತದೆ. ಹಾಗೆಂದು ಗುರುತನ್ನೇ ಕಡೆಗಣಿಸಿ ಬಡಿತಕ್ಕೊಮ್ಮೆ ಪೆಡಲ್ ಬದಲಿಸಿದರೆ ತಳದ ಸ್ವರ ಕಳೆದುಹೋಗಿ ಕಾರ್ಡ್‌ಗಳು ಅನಾಥವಾಗುತ್ತವೆ. ಪೆಡಲ್ ಅನ್ನು ಅರ್ಧದಷ್ಟು ಮಾತ್ರ ಒತ್ತಿ, ತಳದ ಸ್ವರ ಉಳಿದು ಮೇಲಿನವು ತಿಳಿಯಾಗುವ ಬಿಂದುವನ್ನು ಪಾದದಿಂದ ಹುಡುಕಬೇಕು. ಪ್ರತಿ ಪಿಯಾನೊದಲ್ಲೂ ಆ ಬಿಂದು ಬೇರೆಯಾದ್ದರಿಂದ ಪಾದಕ್ಕೆ ಕಿವಿಯೇ ಗುರು.

ಸಿ ಮೈನರ್‌ನ ಇಪ್ಪತ್ತನೆಯದು 13 ಬಾರ್‌ಗಳ ಗಂಭೀರ ನಡಿಗೆ. ಮೊದಲ ನಾಲ್ಕು ಬಾರ್ ಬಹಳ ಜೋರು, ಮುಂದಿನ ನಾಲ್ಕು ಮೆದು, ಅವೇ ನಾಲ್ಕು ಮತ್ತೆ ಅತಿ ಮೆದು. ಜೋರಿನ ಭಾಗದಲ್ಲಿ ಕೀಗಳನ್ನು ಮೇಲಿನಿಂದ ಹೊಡೆಯದೆ, ಬೆರಳುಗಳನ್ನು ಕೀಗಳ ಮೇಲಿಟ್ಟು ತೋಳಿನ ಭಾರವನ್ನು ಇಳಿಬಿಡಬೇಕು. ಪ್ರತಿ ಕಾರ್ಡಿನ ತುದಿಯ ಸ್ವರ ಹಾಡಬೇಕು. ಅದಕ್ಕಾಗಿ ತುದಿಯ ಸ್ವರವನ್ನು ಜೋರಾಗಿ, ಉಳಿದವನ್ನು ಸದ್ದಿಲ್ಲದೆ ಮುಟ್ಟುತ್ತ ಅಭ್ಯಾಸ ಮಾಡುವುದು ಬಹಳ ಫಲಕಾರಿ. ಮೂರನೆಯ ಬಾರ್‌ನ ಕೊನೆಯ ಕಾರ್ಡಿನಲ್ಲಿ ಇ ನ್ಯಾಚುರಲ್ (ಶಾರ್ಪ್ ಅಥವಾ ಫ್ಲ್ಯಾಟ್ ಇಲ್ಲದ್ದು) ಆಗಿರಬೇಕೋ ಫ್ಲ್ಯಾಟ್ ಆಗಿರಬೇಕೋ ಎಂಬುದರಲ್ಲಿ ಮುದ್ರಣಗಳು ಒಂದೇ ತೆರನಾಗಿಲ್ಲ. ಎರಡನ್ನೂ ನುಡಿಸಿ ಕೇಳಿ, ಒಂದನ್ನು ಆರಿಸಿ, ಅದಕ್ಕೇ ಬದ್ಧರಾಗಿರಿ.

ಡಿ ಫ್ಲ್ಯಾಟ್ ಮೇಜರ್‌ನ ಹದಿನೈದನೆಯದು 89 ಬಾರ್‌ಗಳಷ್ಟು ದೀರ್ಘ. ಇದಕ್ಕೆ ಅಂಟಿಕೊಂಡಿರುವ ಮಳೆಹನಿ ಎಂಬ ಹೆಸರು ಶೋಪಾನ್ ಇಟ್ಟದ್ದಲ್ಲ. ಇದರ ಜೀವಾಳವಾದ ಮರುಕಳಿಸುವ ಎ ಫ್ಲ್ಯಾಟ್, ಮಧ್ಯಭಾಗದಲ್ಲಿ ಸಿ ಶಾರ್ಪ್ ಮೈನರ್‌ಗೆ ಹೊರಳಿದಾಗ, ಅದೇ ಕೀಯಲ್ಲೇ ಇದ್ದುಕೊಂಡು ಜಿ ಶಾರ್ಪ್ ಆಗುತ್ತದೆ. ಬೆರಳಿಗೆ ಏನೂ ಬದಲಾಗದೆ ಕಿವಿಗೆ ಎಲ್ಲವೂ ಬದಲಾಗುವ ಈ ಕ್ಷಣವನ್ನು ಗತಿ ಸಡಿಲಿಸಿ ಎತ್ತಿ ತೋರಿಸುವ ಅಗತ್ಯವಿಲ್ಲ. ಆ ಸ್ವರವನ್ನು ಸಮನಾಗಿ ಇಟ್ಟುಕೊಂಡರೆ ಬದಲಾವಣೆ ತಾನೇ ಮಾತಾಡುತ್ತದೆ. ಮಧ್ಯಭಾಗದ ಏರಿಕೆ ಮಂದ್ರದಿಂದ ಮೇಲೇಳುವಾಗ ಮೊದಲ ಸಾಲುಗಳನ್ನು ಪಿಸುಮಾತಿನಷ್ಟು ಮೆಲ್ಲಗೆ ಹಿಡಿಯುವ ಶಿಸ್ತು ಬೇಕು.

ಗತಿಯನ್ನು ಎಳೆದು ಬಿಡುವ ರುಬಾಟೊ ಎಲ್ಲರನ್ನೂ ಸೆಳೆಯುತ್ತದೆ, ಹಲವರನ್ನು ಕೆಡಿಸುತ್ತದೆ. ಎಡಗೈ ವಾದ್ಯವೃಂದದ ನಿರ್ದೇಶಕನಂತೆ ಕಾಲವನ್ನು ಕಾಯಬೇಕೆಂದು ಶೋಪಾನ್ ಹೇಳುತ್ತಿದ್ದನೆಂಬುದು ಅವನ ಶಿಷ್ಯರ ನೆನಪು. ಅದನ್ನು ಅಕ್ಷರಶಃ ಆಚರಿಸಿ: ಮೊದಲು ಎರಡೂ ಕೈಗಳನ್ನು ಕಟ್ಟುನಿಟ್ಟಾದ ಲಯದಲ್ಲಿ ಕಲಿತು, ಆಮೇಲೆ ಎಡಗೈಯನ್ನು ಹಾಗೇ ಉಳಿಸಿಕೊಂಡು ಬಲಗೈ ಕೂದಲೆಳೆಯಷ್ಟು ತಡವಾಗಿ ಬರಲಿ, ಮುಂದೆ ಅದನ್ನು ಸರಿದೂಗಿಸಿಕೊಳ್ಳಲಿ.

ಕಲಿತವನ್ನು ಇತರರ ಮುಂದೆ ನುಡಿಸುವಾಗ ಇಪ್ಪತ್ನಾಲ್ಕನ್ನೂ ನುಡಿಸಬೇಕೆಂಬ ನಿಯಮವಿಲ್ಲ. 1841ರ ಏಪ್ರಿಲ್‌ನಲ್ಲಿ ಪ್ಯಾರಿಸಿನ ಪ್ಲೆಯೆಲ್ ಸಭಾಂಗಣದಲ್ಲಿ ಶೋಪಾನ್ ಸ್ವತಃ ಕೆಲವನ್ನಷ್ಟೇ ಆರಿಸಿ ನುಡಿಸಿದ್ದ. ನಾಲ್ಕು, ಆರು, ಏಳು, ಇಪ್ಪತ್ತು ಎಂಬ ಕ್ರಮ ಒಳ್ಳೆಯ ಗುಚ್ಛವಾಗುತ್ತದೆ. ಇ ಮೈನರ್‌ನಿಂದ ಬಿ ಮೈನರ್‌ಗೆ, ಅಲ್ಲಿಂದ ಎ ಮೇಜರ್‌ಗೆ ಹೋಗುವ ಹಾದಿ ಹತ್ತಿರದ್ದು, ಆದ್ದರಿಂದ ನಡುವೆ ಕೈಯೆತ್ತಿ ಇಳಿಸುವಷ್ಟೇ ಬಿಡುವು ಸಾಕು. ಎ ಮೇಜರ್‌ನಿಂದ ಸಿ ಮೈನರ್ ಬಹಳ ದೂರ. ಅಲ್ಲಿ ಹಿಂದಿನ ನಾದ ಪೂರ್ತಿ ಆರುವವರೆಗೆ ಕಾದು, ಮುಂದಿನ ಕೃತಿಯ ಮೊದಲ ಬಾರ್ ಅನ್ನು ಮನಸ್ಸಿನಲ್ಲೇ ಕೇಳಿಸಿಕೊಂಡ ಮೇಲೆ ಕೈಯನ್ನು ಕೀಗಳ ಮೇಲೆ ತರಬೇಕು.

ಇವು ಕೈಗೆ ಬಂದ ಮೇಲೆ ರಷ್ಯದ ಸಂಗೀತಕಾರ ಸ್ಕ್ರಿಯಾಬಿನ್‌ನ ಓಪಸ್ 11ರ ಪ್ರೆಲ್ಯೂಡ್‌ಗಳಿಗೆ ಹೋಗುವುದು ಸೂಕ್ತ: 1888 ಮತ್ತು 1896ರ ನಡುವೆ ಬರೆದ ಆ ಇಪ್ಪತ್ನಾಲ್ಕೂ ಶೋಪಾನನ ಸ್ಕೇಲ್ ಕ್ರಮವನ್ನೇ ಅನುಸರಿಸುತ್ತವೆ, ಹೆಚ್ಚಿನವು ಅಷ್ಟೇ ಚಿಕ್ಕವು, ಆದರೆ ಎಡಗೈಯಿಂದ ಹೆಚ್ಚು ದೂರದ ನೆಗೆತಗಳನ್ನು ಕೇಳುತ್ತವೆ. ರಾಕ್‌ಮನಿನಾಫ್‌ನ ಓಪಸ್ 23 ಮತ್ತು 32ರ ಪ್ರೆಲ್ಯೂಡ್‌ಗಳು ಬಹುತೇಕ ಉದ್ದವಾದವು, ತುಂಬಿದ ಕಾರ್ಡ್‌ಗಳವು. ದೊಡ್ಡ ಕೈಗಳಿದ್ದ ಅವನ ಬರವಣಿಗೆಗೆ ಇನ್ನೂ ಒಂದೆರಡು ವರ್ಷ ಕಾಯುವುದೇ ಮೇಲು.