ದೊಡ್ಡಪ್ಪನ ಯಾಶಿಕಾ ಮತ್ತೆ 'ಟಕ್' ಅಂತು

ಮೈಸೂರಿನ ಸರಸ್ವತಿಪುರಂ ಮನೆ ಬೀರುವಲ್ಲಿ ದೊಡ್ಡಪ್ಪನ ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್ ಅನ್ನೋ ಫಿಲ್ಮ್ ಕ್ಯಾಮೆರಾ ಎಷ್ಟೋ ವರ್ಷದಿಂದ ಸುಮ್ನೆ ಬಿದ್ದಿತ್ತು. 1973ರಲ್ಲಿ ಬಂದ ಮಾಡೆಲ್. ಒಂದು ಅಂಗಡಿಗೆ ತಗೊಂಡೋದ್ರೆ "ಹೋಯ್ತು ಬಿಡಿ ಸರ್, ಶೋಕೇಸಲ್ಲಿ ಇಡಿ" ಅಂದ್ರು. ನಂಗೆ ಮನಸ್ಸೊಪ್ಪಲಿಲ್ಲ, ನಮ್ಮನೆ ಆಲ್ಬಮ್ಮಲ್ಲಿರೋ ದಸರಾ ಫೋಟೋ ಅಷ್ಟೂ ಅದ್ರಲ್ಲೇ ತೆಗ್ದಿದ್ದು.

ಈ ಕ್ಯಾಮೆರಾದಲ್ಲಿ ಅಪರ್ಚರ್ (ಲೆನ್ಸಲ್ಲಿ ಬೆಳಕು ಬರೋ ಕಿಂಡಿಯ ಅಗಲ) ನಾವು ಇಡ್ತೀವಿ, ಶಟರ್ ಸ್ಪೀಡ್, ಅಂದ್ರೆ ಶಟರ್ ಎಷ್ಟು ಹೊತ್ತು ತೆರೆದಿರ್ಬೇಕು ಅನ್ನೋದನ್ನ, ಅದೇ ಆರಿಸ್ಕೊಳ್ಳುತ್ತೆ. ಬ್ಯಾಟರಿ ಇಲ್ದಿದ್ರೆ ಯಾವಾಗ್ಲೂ 1/500 ಸೆಕೆಂಡ್. ಹಳೇ 5.6 ವೋಲ್ಟ್ ಮರ್ಕ್ಯುರಿ ಬ್ಯಾಟರಿ ಈಗ ಬರಲ್ಲ, ಅದಕ್ಕೆ ನಾಲ್ಕು ಎಲ್‌ಆರ್44 ಬಟನ್ ಸೆಲ್ ಜೋಡಿಸಿ ಪೇಪರ್ ಸುತ್ತಿ, ಉಳಿದ ಜಾಗಕ್ಕೆ ಒಂದು ಸ್ಪ್ರಿಂಗ್ ತುರುಕಿದೆ. ಬ್ಯಾಟರಿ ಗೂಡಲ್ಲಿ ಕಟ್ಟಿದ್ದ ಕಿಲುಬನ್ನ ವಿನೆಗರ್ ಹಚ್ಚಿ ಉಜ್ಜಿದ್ಮೇಲೆ ಚೆಕ್ ಬಟನ್ ಒತ್ತಿದ್ರೆ ಹಸಿರು ದೀಪ ಹತ್ತಿತು! ಆದ್ರೂ, ಸ್ವಲ್ಪ ಹೊತ್ತು ತೆರೆದಿರ್ಬೇಕಾದ ಕತ್ತಲೆ ರೂಮಲ್ಲೂ ಶಟರ್ ಪಟ್ ಅಂತ ಮುಚ್ಕೊಳ್ತಿತ್ತು.

ಕಿವಿಗೊಟ್ಟು ಕೇಳ್ದೆ. ಚೆನ್ನಾಗಿರೋ ಎಲೆಕ್ಟ್ರೋದಲ್ಲಿ ಫಿಲ್ಮ್ ಮುಂದಕ್ಕೆ ಸುತ್ತೋ ವೈಂಡ್ ಲಿವರ್ ಎಳೆದಾಗ ಒಳಗಿಂದ 'ಟಕ್' ಅನ್ನೋ ದಪ್ಪ ಸದ್ದು ಬರ್ಬೇಕು, ನನ್ನದ್ರಲ್ಲಿ ಬರ್ತಿರ್ಲಿಲ್ಲ. ಒಳಗೆ ಶಟರ್ ಬಟನ್ನಿನ ಲಿವರ್‌ಗಳ ನಡುವೆ ಒಂದು ಚಿಕ್ಕ ರಬ್ಬರ್ ಪ್ಯಾಡ್ ಇರುತ್ತೆ, ಅದು ಕರಗಿ ಪುಡಿಯಾದ್ರೆ ಈ ಸದ್ದು ನಿಂತೋಗುತ್ತೆ, ಸ್ಪೀಡೂ ಒಂದಕ್ಕೇ ಸಿಕ್ಕಾಕೊಳ್ಳುತ್ತೆ. ಮೇಲಿನ ಕವರ್ ಬಿಚ್ಚೋವಾಗ ಒಂದೊಂದು ಸ್ಕ್ರೂನೂ ಮೊಟ್ಟೆ ಟ್ರೇನಲ್ಲಿ ಬೇರೆ ಬೇರೆ ಗೂಡಿಗೆ ಹಾಕಿ, ಪ್ರತಿ ಹಂತದಲ್ಲೂ ಮೊಬೈಲಲ್ಲಿ ಫೋಟೋ ತೆಗ್ದೆ. ಪ್ಯಾಡ್ ಇದ್ದ ಜಾಗದಲ್ಲಿ ಬೆಲ್ಲದ ಪಾಕದ ಥರ ಕಪ್ಪು ಅಂಟು ಮಾತ್ರ ಉಳಿದಿತ್ತು. ಅದನ್ನ ಸ್ಪಿರಿಟ್ಟಲ್ಲಿ ಒರೆಸಿ, ಸೈಕಲ್ ಟ್ಯೂಬ್ ಚೂರು ಕತ್ತರಿಸಿ ಚಿಮುಟದಲ್ಲಿ ಹಿಡಿದು ಅಂಟಿಸ್ದೆ. ಒಂದು ಪದರಕ್ಕೆ ಸದ್ದಿಲ್ಲ. ಮೇಲೆ ಇನ್ನೊಂದು ಪದರ ಅಂಟಿಸಿ, ರಾತ್ರಿ ಪೂರ್ತಿ ಒಣಗೋಕೆ ಬಿಟ್ಟು, ಬೆಳಿಗ್ಗೆ ಕಾಫಿಗೂ ಮುಂಚೆ ಲಿವರ್ ಎಳೆದ್ರೆ 'ಟಕ್'! ನಿಜ ಹೇಳ್ತೀನಿ, ಕಣ್ಣಲ್ಲಿ ನೀರು ಬಂತು.

ಒಳಗೆ ಬೆಳಕು ನುಗ್ಗದ ಹಾಗೆ ಹಿಂದಿನ ಬಾಗಿಲಿಗೆ ಹಾಕಿರೋ ಫೋಮೂ ಟಾರ್ ಆಗಿತ್ತು. ಅದನ್ನ ಕೆರೆದು ತೆಗೆದು, ಬದಲಿಗೆ ಕಪ್ಪು ಉಲ್ಲನ್ ದಾರ ಅಂಟಿಸ್ದೆ.

ಮೊದಲ ರೋಲ್ ಹಾಕ್ಕೊಂಡು ದೇವರಾಜ ಮಾರ್ಕೆಟ್‌ಗೆ ಹೋದೆ. ಹೂವಿನ ಅಂಗಡಿ ಸಾಲಲ್ಲಿ ಬೆಳಕು ಕಮ್ಮಿ, ಹಳದಿ ದೀಪ ಹತ್ತಿತು, ಅಂದ್ರೆ ಸ್ಪೀಡ್ ನಿಧಾನ, ಕೈ ಅಲುಗಬಾರ್ದು ಅಂತ. ಕಂಬಕ್ಕೆ ಒರಗಿ ಬಟನ್ ಒತ್ತಿದೆ, ಶಟರ್ ತೆರೆದು ಸ್ವಲ್ಪ ಹೊತ್ತು ತಡೆದು ಮುಚ್ಕೊಳ್ತು. ಮಲ್ಲಿಗೆ ರಾಶಿ ಎಷ್ಟು ಚೆನ್ನಾಗಿ ಬಂದಿದೆ ಅಂದ್ರೆ, ನೆಗೆಟಿವ್ ಕೈಯಲ್ಲಿ ಹಿಡ್ಕೊಂಡು ದೊಡ್ಡಪ್ಪಂಗೆ ಫೋನ್ ಮಾಡ್ದೆ. ಮೂರ್ನಾಲ್ಕು ಫ್ರೇಮಲ್ಲಿ ಮಾತ್ರ ಒಂದು ಬದಿ ಬೆಳಕು ನುಗ್ಗಿದೆ, ಕೀಲಿನ ಹತ್ರ ದಾರ ಗಿಡ್ಡ ಆಗಿತ್ತು, ಈ ಭಾನುವಾರ ಅದನ್ನ ಬಿಚ್ಚಿ ಮತ್ತೆ ಅಂಟಿಸ್ಬೇಕು.