600 ಎಂಎಂ ಲೆನ್ಸ್ ಮನೇಲಿಟ್ಟು ಗಲಾಪಗೋಸ್ ಮಾಡಿದ್ದು: ನನ್ನ ಅನುಭವ

ಗಲಾಪಗೋಸ್‌ಗೆ (ಈಕ್ವೆಡಾರ್ ದೇಶದ ದ್ವೀಪಗಳು) ಉದ್ದದ ಲೆನ್ಸ್ ಇಲ್ದೇ ಹೊರಟೆ ಅಂದಾಗ ಫೋಟೋ ತೆಗೆಯೋ ನಮ್ಮ ಹೆಸರಘಟ್ಟ ಗ್ಯಾಂಗಲ್ಲಿ ಎಲ್ರೂ ನಕ್ಕಿದ್ರು. "ಅಷ್ಟು ದುಡ್ಡು ಸುರಿದು ಹೋಗ್ತಿದೀಯ, 600 ಬಿಟ್ಟು ಹೋಗ್ತೀಯಾ, ತಲೆ ಕೆಟ್ಟಿದ್ಯೇನೋ?" ಅಂತ. ಈಗ ಪ್ರಿಂಟ್ ನೋಡಿ ಅವ್ರೇ ಸೆಟ್ಟಿಂಗ್ಸ್ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ. ತಗೊಂಡ್ ಹೋಗಿದ್ದು 24-105, 70-200 ಎಂಎಂ ಲೆನ್ಸ್‌ಗಳು, ಒಂದು ಆಕ್ಷನ್ ಕ್ಯಾಮ್, ಅಷ್ಟೇ. ಅಲ್ಲಿ ಪ್ರಾಣಿಯಿಂದ 2 ಮೀಟರ್ ದೂರ ಇರ್ಬೇಕು ಅನ್ನೋದು ರೂಲು, ಆದ್ರೆ ಇಗ್ವಾನಾಗೆ (ದೊಡ್ಡ ಹಲ್ಲಿ ಜಾತಿ) ಆ ರೂಲ್ ಗೊತ್ತಿಲ್ವಲ್ಲ, ದಾರಿ ಮಧ್ಯಾನೇ ಬಿದ್ಕೊಂಡಿರತ್ತೆ, ನಾವೇ ಸುತ್ತಿ ಹೋಗ್ಬೇಕು.

ಮೊದ್ಲು ದುಡ್ಡಿನ ವಿಷ್ಯ. ಆಮ್‌ಸ್ಟರ್‌ಡ್ಯಾಮ್ ಮೇಲೆ ಹೋಗಿಬರೋ ಟಿಕೆಟ್ ಒಂದೂವರೆ ಲಕ್ಷದ ಮೇಲೆ. ಪಾರ್ಕ್ ಫೀ 200 ಡಾಲರ್ (2024 ಆಗಸ್ಟ್‌ಗೆ ಮುಂಚೆ 100 ಇತ್ತು, ಹೊಟ್ಟೆ ಉರೀತು), ದ್ವೀಪಕ್ಕೆ ಹೋಗಕ್ಕೆ ಬೇಕಾದ ಟ್ರಾನ್ಸಿಟ್ ಕಾರ್ಡ್ 20. ಬೋಟನ್ನ ಇಲ್ಲಿಂದ ಬುಕ್ ಮಾಡ್ಲಿಲ್ಲ. ಅಲ್ಲಿನ ಊರು ಪ್ವೆರ್ಟೊ ಅಯೋರಾದಲ್ಲಿ ರೂಮ್ ಹಿಡ್ಕೊಂಡು ಕೊನೇ ಗಳಿಗೆಯ ಸೀಟಿಗೆ ಕಾದೆ. 4 ಸಾವಿರ ಡಾಲರ್ ಚಿಲ್ಲರೆ ಇದ್ದ 16 ಜನರ ಬೋಟು ಅರ್ಧಕ್ಕಿಂತ ಸ್ವಲ್ಪ ಮೇಲೆ ಸಿಕ್ತು. ಹೇಗೆ ಚೌಕಾಸಿ ಮಾಡಿದೆ ಅಂತ ಇಲ್ಲಿ ಹೇಳಲ್ಲ, ಮುಂದಿನ ಸಲಕ್ಕೂ ಬೇಕು. ಕಾಯೋ ದಿನಗಳೂ ದಂಡ ಆಗ್ಲಿಲ್ಲ, ಅಲ್ಲಿನ ಮೀನು ಮಾರ್ಕೆಟ್ಟಲ್ಲಿ ಪೆಲಿಕನ್ನು, ಸೀ ಲಯನ್ನು ಗಿರಾಕಿಗಳ ಥರ ಕಟ್ಟೆಗೆ ಒರಗಿ ನಿಂತಿರ್ತಾವೆ, ಪುಕ್ಕಟೆ ಫೋಟೋ.

ಪೂರ್ವದ ರೂಟ್ ಬೇಗ ಸಿಗ್ತಿತ್ತು, ನಾನು ಬೇಡ ಅಂದೆ. ನಂಗೆ ಪಶ್ಚಿಮದ ದ್ವೀಪಗಳಾದ ಇಸಬೆಲಾ, ಫರ್ನಾಂಡಿನಾನೇ ಬೇಕಿತ್ತು. ಪಶ್ಚಿಮದಿಂದ ಸಮುದ್ರದ ಒಳಗೊಳಗೇ ಹರಿದು ಬರೋ ಕ್ರಾಮ್‌ವೆಲ್ ಪ್ರವಾಹ ಆ ದ್ವೀಪಗಳಿಗೆ ಬಡಿದು ತಣ್ಣೀರು ಮೇಲೆತ್ತತ್ತೆ, ಅದಕ್ಕೇ ಪೆಂಗ್ವಿನ್ ಜಾಸ್ತಿ ಇರೋದು ಅಲ್ಲೇ, ಹಾರಕ್ಕೆ ಬರ್ದಿರೋ ನೀರುಕಾಗೆ ಅಂತೂ ಬೇರೆ ಎಲ್ಲೂ ಇಲ್ಲ.

ಈಗ ಮುಖ್ಯ ಸಂಗತಿ. ಇಗ್ವಾನಾ ಮೂಗಿಂದ ಉಪ್ಪುನೀರು ಚಿಮ್ಮಿಸೋ ಶಾಟು ಎಲ್ರಿಗೂ ಬೇಕು, ಆದ್ರೆ ಎಲ್ರೂ ಅದೃಷ್ಟಕ್ಕೆ ಬಿಡ್ತಾರೆ. ನಾನು ಉಬ್ಬರ-ಇಳಿತದ ಟೇಬಲ್ ಡೌನ್‌ಲೋಡ್ ಮಾಡ್ಕೊಂಡು ಹೋಗಿದ್ದೆ. ನೀರಿಗೆ ಧುಮುಕಿ ಮೇಯೋದು ದೊಡ್ಡ ಗಂಡುಗಳು ಮಾತ್ರ, ಮಿಕ್ಕಿದ್ದೆಲ್ಲ ಇಳಿತದಲ್ಲಿ ತೆರ್ಕೊಳ್ಳೋ ಬಂಡೆ ಮೇಲಿನ ಪಾಚಿ ತಿಂದು ವಾಪಸ್ ಬಂದು ಬಿಸಿಲು ಕಾಯ್ತಾವೆ, ಆವಾಗ್ಲೇ ಸೀನೋದು. ಹಾಗಾಗಿ ಬೆಳಿಗ್ಗೆ 10-11ರ ಸುಮಾರಿಗೆ ಇಳಿತ, ಮಧ್ಯಾಹ್ನ ಫರ್ನಾಂಡಿನಾದ ಪುಂಟಾ ಎಸ್ಪಿನೋಸಾದಲ್ಲಿ ಲ್ಯಾಂಡಿಂಗ್, ಈ ಎರಡೂ ಕೂಡಿಬರೋ ಬೋಟನ್ನೇ ಆರಿಸ್ಕೊಂಡೆ. ಸಂಜೆ ಬಿಸಿಲಿಗೆ ಎದುರು ಕೂತ್ರೆ ಹನಿಗಳೆಲ್ಲ ಬೆಳ್ಳಗೆ ಹೊಳೀತಾವೆ. ಎಷ್ಟು ಹೊತ್ತು ಮುಂಚೆ ಶಟರ್ ಒತ್ಬೇಕು ಅಂತ ಅದರ ಕತ್ತು ನೋಡಿದ್ರೆ ಗೊತ್ತಾಗತ್ತೆ, ಅದನ್ನ ನೀವೇ ಕಂಡುಹಿಡ್ಕೊಳಿ.

ನೀರುಕಾಗೆಗೆ ಲಾಲ್‌ಬಾಗ್ ಕೆರೇಲಿ ಪ್ರಾಕ್ಟೀಸ್ ಮಾಡಿದ್ದೆ, ರೆಕ್ಕೆ ಒಣಗಿಸೋ ಸ್ಟೈಲ್ ಅದೇ, ಆದ್ರೆ ಇಲ್ಲಿದರ ರೆಕ್ಕೆ ಗೇಣುದ್ದ, ಹರಿದಿರೋ ಛತ್ರಿ ಕಂಡಂಗೆ. ಗೂಡಿಗೆ ಪಾಚಿ ಕಚ್ಕೊಂಡು ಒಂದೇ ದಾರೀಲಿ ವಾಪಸ್ ಬರತ್ತೆ, 24 ಎಂಎಂನಲ್ಲಿ ಹಿಂದಿನ ಜ್ವಾಲಾಮುಖಿನೂ ಫ್ರೇಮಿಗೆ ಬಂತು.

ಸೋತಿದ್ದು ನೀರೊಳಗೆ. ಪೆಂಗ್ವಿನ್ ಹಿಂದೆ ಈಜಿ ನೂರಾರು ಕ್ಲಿಪ್, ಎಲ್ಲ ಬರೀ ಗುಳ್ಳೆ. ವೆಟ್‌ಸೂಟ್ ಬಾಡಿಗೆ ಬೇರೆ, ನೀರು 20 ಡಿಗ್ರಿ ಆಸುಪಾಸು, ಹಲ್ಲು ಕಟಕಟ. ಸುಮ್ನೆ ತೇಲ್ತಾ ಇದ್ದಾಗ ಮಾತ್ರ ಅದಾಗೇ ಹತ್ರ ಬಂತು, ಒಳ್ಳೇ ಕ್ಲಿಪ್ ಒಂದೋ ಎರಡೋ. ಏಸಿ ಕ್ಯಾಬಿನ್ನಿಂದ ಡೆಕ್ಕಿಗೆ ಬಂದ್ರೆ ಲೆನ್ಸ್ ಮಂಜು ಹಿಡಿಯತ್ತೆ, ಜಿಪ್‌ಲಾಕ್ ಕವರ್ ಐಡಿಯಾ ಅರ್ಧಂಬರ್ಧ ಕೆಲ್ಸ ಮಾಡ್ತು. ರಾತ್ರಿ ಡೆಕ್ ಮೇಲಿಂದ ನಕ್ಷತ್ರ ಹಿಡಿಯಕ್ಕೂ ನೋಡಿದೆ, ಬೋಟ್ ಅಲ್ಲಾಡೋದಕ್ಕೆ ಬರೀ ಗೀಟು.

ಇಸಬೆಲಾ, ಫರ್ನಾಂಡಿನಾ ನಡುವಿನ ಬೊಲಿವಾರ್ ಚಾನೆಲ್ಲಲ್ಲಿ ಬ್ರೈಡ್ಸ್ ತಿಮಿಂಗಿಲದ ಬೆನ್ನು ಕಾಣಿಸ್ತು, ನನ್ನ ಫೋಟೋದಲ್ಲಿ ಬರೀ ಚುಕ್ಕೆ. ಪಕ್ಕದಲ್ಲಿ 600 ಹಿಡ್ದಿದ್ದ ಜರ್ಮನ್ ಯಜಮಾನ್ರಿಗೂ ಡೆಕ್ ಕುಲುಕಾಟಕ್ಕೆ ಶಾರ್ಪ್ ಬರ್ಲಿಲ್ಲ, ಪಂಗಾದಲ್ಲಂತೂ (ಅದೇ, ದಡಕ್ಕೆ ಬಿಡೋ ರಬ್ಬರ್ ದೋಣಿ) ಅವ್ರು ಅದನ್ನ ಬ್ಯಾಗಿಂದ ತೆಗೀಲೇ ಇಲ್ಲ.

ಎಲ್ಲಾ ಸೇರಿ ನಾಲ್ಕೂವರೆ ಲಕ್ಷದ ಹತ್ರ ಆಯ್ತು. ಆಲ್ಬಟ್ರಾಸ್ (ದೊಡ್ಡ ಕಡಲಹಕ್ಕಿ) ಬೇಕು ಅನ್ನೋರು ಎಸ್ಪನ್ಯೋಲಾ ದ್ವೀಪದ ರೂಟ್ ನೋಡಿ, ಏಪ್ರಿಲ್‌ನಿಂದ ಡಿಸೆಂಬರ್ ಒಳಗೆ ಹೋಗಿ, ಜನವರಿಯಿಂದ ಮಾರ್ಚ್ ತನಕ ಅವು ಅಲ್ಲಿರಲ್ಲ.